ಹೊರಬಂದ ಸಮಯ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.10

ನಾನು ಎದ್ದದ್ದು ಆರಕ್ಕೆ. ಬಲಗಾಲು ಎದ್ದದ್ದು ಆರೂ ಮುಕ್ಕಾಲಿಗೆ. ಅಲ್ಲಿಯತನಕ ಯಾರದೋ ಕಾಲಿನಂತೆ ಪಕ್ಕದಲ್ಲಿ ಬಿದ್ದಿತ್ತು. ಬಚ್ಚಲಿಗೆ ಹದಿನಾಲ್ಕು ಹೆಜ್ಜೆ, ಗೋಡೆ ಹಿಡಿದು.

ಬರೆದಿಡುವ ಚಟ ಹೋಗಿಲ್ಲ. ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಲಿಫ್ಟಿನ ಕೆಲಸಕ್ಕೆ ಕೈ ಹಾಕುವ ಮೊದಲು ಲಾಗ್‌ಬುಕ್ಕಿನಲ್ಲಿ ಒಳಹೋದ ಸಮಯ, ಮುಗಿಸಿದ ಮೇಲೆ ಹೊರಬಂದ ಸಮಯ. ಎರಡನೆಯದು ಖಾಲಿ ಇದ್ದರೆ ಒಳಗೆ ಮನುಷ್ಯನಿದ್ದಾನೆ ಎಂದು ಅರ್ಥ. ಮೇನ್ ಸ್ವಿಚ್ ಯಾರೂ ಮುಟ್ಟುವಂತಿಲ್ಲ. ಸೆಪ್ಟೆಂಬರಿನಲ್ಲಿ ಆ ದಿನ ನನ್ನದು ಖಾಲಿಯೇ ಇತ್ತು. ಯಾರೋ ಪುಸ್ತಕ ನೋಡದೆ ಸ್ವಿಚ್ ಹಾಕಿದರು. ಬಿದ್ದೆ. ಬೆನ್ನುಮೂಳೆ ಎರಡು ಕಡೆ ಮುರಿಯಿತು. ಆ ಪುಟ ಈಗಲೂ ಖಾಲಿ ಇರಬೇಕು.

ಮಾರ್ಚ್ 5. ಸಂಜೆ

ಆರು ತಿಂಗಳ ರಜೆ ಸಂಬಳ ಮುಗಿಯಿತು. ಇನ್ನು ಇನ್ಶೂರೆನ್ಸಿನವರು ಒಪ್ಪಿದರೆ ತಿಂಗಳು ತಿಂಗಳು ಪರಿಹಾರ. ಇಲ್ಲದಿದ್ದರೆ ಹೆಂಡತಿಯೊಬ್ಬಳ ಹೊಲಿಗೆಯಲ್ಲಿ ಮನೆ ನಡೆಯಬೇಕು.

ಫಾರಂ ಇಪ್ಪತ್ತೆಂಟು ಪುಟ. ತುಂಬಿಸಿಕೊಟ್ಟವರು ಎರಡನೇ ಮಹಡಿಯ ಟೀಚರಮ್ಮ. ರಿಟೈರ್ ಆಗಿದ್ದಾರೆ, ಒಂಟಿ, ಉಬ್ಬಸ. ಬಾಯಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

"ಏನ್ ಲಿಫ್ಟಪ್ಪ, ಮೆಟ್ಲು ಹತ್ತೋಕಾಗುತ್ತಾ?"

"ಒಳ್ಳೆ ದಿನ ಆದ್ರೆ ಒಂದು ಮಹಡಿ ಹತ್ತಬಹುದು ಟೀಚರಮ್ಮ. ಆಮೇಲೆ ಮೂರು ದಿನ ಹಾಸಿಗೆ."

"ಅದೆಲ್ಲ ಬರೆಯೋಕೆ ಜಾಗ ಇಲ್ಲ. ಹೌದು, ಇಲ್ಲ, ಎರಡೇ ಇರೋದು."

'ಇಲ್ಲ'ಕ್ಕೆ ಗುರುತು ಹಾಕಿದರು. ಲಾಗ್‌ಬುಕ್ಕಿನಲ್ಲಿ ಒಂದು ದಿನವೂ ಸುಳ್ಳು ಬರೆದವನಲ್ಲ. ಇದು ಪೂರ್ತಿ ಸುಳ್ಳೂ ಅಲ್ಲ... ಸಹಿ ಹಾಕಿದೆ.

ಮಾರ್ಚ್ 17

ಇನ್ಶೂರೆನ್ಸಿನವರ ಡಾಕ್ಟರು ನೋಡಿದರು. ಒಟ್ಟು ಹನ್ನೊಂದು ನಿಮಿಷ. ಏಳುವ ಹೊತ್ತಿಗೆ ಅವರ ಪೆನ್ನು ಉರುಳಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಟ್ಟೆ. ಯೋಚನೆಯನ್ನೇ ಮಾಡಲಿಲ್ಲ, ಕೈ ತಾನಾಗಿ ಹೋಯಿತು. ನೋವು ಬಂದದ್ದು ಕಾರಿಡಾರಿಗೆ ಬಂದ ಮೇಲೆ. ಅಷ್ಟರಲ್ಲಿ ಅವರು ಅದೇ ಪೆನ್ನಿನಲ್ಲಿ ಏನೋ ಬರೆದುಕೊಂಡಾಗಿತ್ತು.

ಇವಳಿಗೆ ಹೇಳಿದೆ. "ಬೇಕಂತಲೇ ಬೀಳಿಸಿದ್ದು ಕಣ್ರೀ ಅದು," ಅಂದಳು. ಹಾಗಿರಲಾರದು ಅಂದೆ. ಆದರೆ ಆ ಮೇಜು ಓರೆ ಇರಲಿಲ್ಲ.

ಮಾರ್ಚ್ 18

ಹಾಸಿಗೆ.

ಮಾರ್ಚ್ 19

ಹಾಸಿಗೆ. ಪೆನ್ನಿನ ಫಲ.

ಮಾರ್ಚ್ 29. ಮಧ್ಯಾಹ್ನ

ಎದುರಿನ ಔಷಧಿ ಅಂಗಡಿ ಮುಂದೆ ಬಿಳಿ ಕಾರು. ಇವತ್ತಿಗೆ ಮೂರನೇ ದಿನ. ಒಳಗೆ ಟೋಪಿಯವನೊಬ್ಬ. ಔಷಧಿ ಕೊಳ್ಳುವುದಿಲ್ಲ, ಇಳಿಯುವುದೂ ಇಲ್ಲ. ನಮ್ಮ ಮೆಟ್ಟಿಲಿಗೆ ರಸ್ತೆ ಕಡೆ ಗೋಡೆ ಇಲ್ಲ, ಬರೀ ಕಂಬಿ. ಹತ್ತುವವರು ಇಳಿಯುವವರು ಎಲ್ಲರೂ ಅವನಿಗೆ ಕಾಣುತ್ತಾರೆ. ಕಿಟಕಿ ಪರದೆ ಎಳೆದೆ. ಕಳ್ಳನಂತೆ, ನನ್ನ ಮನೆಯಲ್ಲೇ.

ಇನ್ನೊಂದು. ಲಿಫ್ಟಿನ ಬ್ರೇಕ್ ಸದ್ದು ಬದಲಾಗಿದೆ. ಕಚ್ಚಿ ಕಚ್ಚಿ ಬಿಡುತ್ತಿದೆ. ಬಿಲ್ಡಿಂಗ್ ಸೆಕ್ರೆಟರಿಗೆ ಫೋನ್ ಮಾಡಿದೆ. "ನಡೀತಿದೆಯಲ್ಲ ಸಾರ್, ನಡೀಲಿ ಬಿಡಿ," ಅಂದರು.

ಏಪ್ರಿಲ್ 4

ಇನ್ಶೂರೆನ್ಸಿನ ಕಾಗದ ಬಂತು. 'ಅರ್ಜಿದಾರರು ಯಾವ ತೊಂದರೆಯೂ ಇಲ್ಲದೆ ಸೊಂಟದಿಂದ ಬಗ್ಗಿದರು.' ತೀರ್ಮಾನಕ್ಕೆ ಇನ್ನೂ ಮೂವತ್ತು ದಿನ, ಅಲ್ಲಿಯವರೆಗೆ 'ಪರಿಶೀಲನೆ'. ಪರಿಶೀಲನೆ ಎಂದರೆ ಟೋಪಿಯವನು.

ನಮ್ಮ ಡಾಕ್ಟರು ಬೇರೆ ಹೆದರಿಸಿದರು. ಭಾರ ಎಳೆದು ಮೂಳೆ ಇನ್ನೊಂದು ಸಲ ಜರುಗಿದರೆ ಎರಡೂ ಕಾಲು ಹೋಗುತ್ತದಂತೆ. ನೀರಿನ ಬಕೆಟ್ಟೂ ಎತ್ತಬಾರದಂತೆ.

"ಒಂದು ತಿಂಗಳು ರೀ. ಮನೆಗೆ ಬೆಂಕಿ ಬಿದ್ರೂ ಕುರ್ಚಿ ಬಿಟ್ಟು ಏಳಬೇಡಿ," ಅಂದಳು. ಹೂಂ ಅಂದೆ. "ಹೂಂ ಅಲ್ಲ. ಮಾತು ಕೊಡಿ." ಕೊಟ್ಟೆ.

ಏಪ್ರಿಲ್ 11, ಶುಕ್ರವಾರ. 11.31

ಲಿಫ್ಟ್ ನಿಂತಿದೆ. ಒಂದನೇ, ಎರಡನೇ ಮಹಡಿ ನಡುವೆ. ಒಳಗೆ ಟೀಚರಮ್ಮ. ನಮ್ಮ ಮೂರನೇ ಮಹಡಿಯ ಲಿಫ್ಟ್ ಬಾಗಿಲಿಗೆ ಬಾಯಿಟ್ಟು ಕೂಗಿದೆ.

"ಲಿಫ್ಟಪ್ಪ... ಉಬ್ಬಸದ ಪಫ್ ಮನೇಲೇ ಬಿಟ್ಟೆ... ಫ್ಯಾನೂ ನಿಂತೋಯ್ತು..."

ಲಿಫ್ಟ್ ಸರ್ವೀಸಿನವರು ಬರಲು ಎರಡು ಗಂಟೆ ಬೇಕು ಅಂದರು. ಫೈರ್‌ನವರು ನಲವತ್ತು ನಿಮಿಷ. ನಮ್ಮ ಮಹಡಿಯ ಬೆಲ್ಲುಗಳನ್ನೆಲ್ಲ ಒತ್ತಿದೆ, ಯಾವ ಮನೆಯಲ್ಲೂ ಜನರಿಲ್ಲ, ಎಲ್ಲ ಕೆಲಸಕ್ಕೆ ಹೋಗಿದ್ದಾರೆ. ಸೆಕ್ರೆಟರಿ ಫೋನ್ ಎತ್ತುತ್ತಿಲ್ಲ, ರಿಂಗ್ ಆಗುತ್ತಲೇ ಇದೆ.

11.40

ಹೊಲಿಗೆ ಕೆಲಸಕ್ಕೆ ಹೋಗಿದ್ದ ಇವಳಿಗೆ ಫೋನ್ ಮಾಡಿದೆ. ಟೆರೇಸಿನ ಮೆಷಿನ್ ರೂಮಿನಲ್ಲಿ ಬ್ರೇಕ್ ಎತ್ತಿ ಹಿಡಿದು ಚಕ್ರ ಕೈಯಲ್ಲೇ ತಿರುಗಿಸಿದರೆ ಲಿಫ್ಟ್ ಮಹಡಿಗೆ ಬರುತ್ತದೆ. ಇಬ್ಬರ ಕೆಲಸ. ಗೊತ್ತಿಲ್ಲದವರು ಮುಟ್ಟಿದರೆ ಕೈ ಜಾರಿ ಲಿಫ್ಟ್ ಓಡುತ್ತದೆ.

"ಬೇಡ ರೀ. ಮಾತು ಕೊಟ್ಟಿದೀರಿ." ಆಮೇಲೆ ಕೇಳಿದಳು, "ಟೀಚರಮ್ಮ ಮಾತಾಡ್ತಿದಾರಾ?"

"ಆಗ ಮಾತಾಡ್ತಿದ್ರು."

ಅವಳು ಮತ್ತೆ ಬೇಡ ಅನ್ನಲಿಲ್ಲ. ಫೋನೂ ಇಡಲಿಲ್ಲ. ನಾನೇ ಇಟ್ಟೆ.

11.47. ಟೆರೇಸ್

ನಮ್ಮ ಮೂರನೇ ಮಹಡಿಯಿಂದ ಹದಿನೆಂಟು ಮೆಟ್ಟಿಲು. ಹತ್ತಿದೆ. ಬಿಳಿ ಕಾರಿನ ಗಾಜು ಇಳಿದದ್ದು ಕಂಡಿತು. ಫೋಟೊ ತೆಗೆಯಲಿ. ಬಲಗಾಲು ಈಗಲೇ ಇಲ್ಲ.

ಮೇನ್ ಸ್ವಿಚ್ ಆಫ್ ಮಾಡಿದ್ದೇನೆ. ಫೈರ್‌ನವರೋ ಇನ್ನಾರೋ ಬಂದು ನೋಡದೆ ಹಾಕಿಬಿಟ್ಟರೆ... ಅದಕ್ಕೇ ಈ ಪುಸ್ತಕ ತಂದೆ. ಪುಟ ತೆರೆದು ಸ್ವಿಚ್ಚಿಗೇ ಸಿಕ್ಕಿಸಿ ಹೋಗುತ್ತೇನೆ. ಹಿಂದಿನ ಪುಟಗಳನ್ನೂ ಓದುವವರು ಓದಿಕೊಳ್ಳಲಿ, ಎಲ್ಲ ಇದ್ದದ್ದು ಇದ್ದ ಹಾಗೇ ಇದೆ.

ಒಳಗೆ ಮನುಷ್ಯನಿದ್ದಾನೆ. ಸ್ವಿಚ್ ಮುಟ್ಟಬೇಡಿ.

ಒಳಹೋದ ಸಮಯ: 11.49

ಹೊರಬಂದ ಸಮಯ: