ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ

ಜುಲೈ 14, 2021. ನಿಲಾಯ್
ಎರಡು ಗಂಟೆ ಆನ್‌ಲೈನ್ ಕ್ಲಾಸ್. ಎಲ್ಲರ ಕ್ಯಾಮೆರಾ ಆಫ್. ಕಪ್ಪು ಚೌಕಗಳಿಗೆ ಪಾಠ ಹೇಳಿ ಹೇಳಿ ಗಂಟಲು ಒಣಗಿತು. ಇವತ್ತಿನದು ಸ್ಪೇನಿನವರ ಹಡಗು, ಮೆಕ್ಸಿಕೋ, 1520ರ ಸಿಡುಬು. ಮೆಡಿಕಲ್ ಮಕ್ಕಳಿಗೆ ಇದೆಲ್ಲ ಯಾಕೆ ಅಂತ ಡೀನ್‌ಗೆ ಈಗಲೂ ಅನುಮಾನ. ಇರಲಿ.

ಊಟಕ್ಕೆ ಕೂತಾಗ ಅಮ್ಮ ಕೇಳಿದಳು. "ಎಂತ ಮಾರಾಯ್ತಿ, ಅಷ್ಟು ಹೊತ್ತು ಕೂಗಿದ್ದು?"

ಹೇಳಿದೆ. ಹಡಗಿನವರಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಸಿಡುಬು ಬಂದು ಹೋಗಿತ್ತು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ. ರೋಗಿಗಳ ಮಧ್ಯೆ ಆರಾಮಾಗಿ ಓಡಾಡಿದರು. ಆ ನೆಲದವರು ಅದನ್ನು ಕಂಡೇ ಇರಲಿಲ್ಲ. ಇಡೀ ಮನೆ ಒಟ್ಟಿಗೆ ಮಲಗಿತು. ಮೆಕ್ಕೆಜೋಳ ಬೀಸುವವರಿಲ್ಲ, ನೀರು ಕೊಡುವವರಿಲ್ಲ. ಎಷ್ಟೋ ಜನ ಹಸಿವಿನಲ್ಲೇ ಹೋದರು.

ಅಮ್ಮ ತುತ್ತು ಕೆಳಗಿಟ್ಟಳು. "ಏಳುವವರು ಒಬ್ಬರೂ ಇರ್ಲಿಲ್ವಾ?"

"ಇರಲಿಲ್ಲ."

ಹಣೆಯ ಗುಳಿ ಸವರಿಕೊಂಡಳು. ಅವಳಿಗೂ ಆರನೇ ವರ್ಷದಲ್ಲಿ, ಉಡುಪಿಯಲ್ಲಿ, ಬಂದು ಹೋದದ್ದೇ. ಆಮೇಲೆ ಊಟ ಮಾಡಲಿಲ್ಲ.

ಜುಲೈ 17
ಕೊನೆಗೂ ಅಮ್ಮನಿಗೆ ವ್ಯಾಕ್ಸಿನ್ ಅಪಾಯಿಂಟ್‌ಮೆಂಟ್. ಕಳೆದ ವರ್ಷ ಉಡುಪಿಯಿಂದ ಈ ಪರದೇಶಕ್ಕೆ, ನಿಲಾಯ್‌ಗೆ, ನನ್ನನ್ನು ನೋಡಿಕೊಂಡು ಹೋಗಲು ಬಂದವಳು, ಫ್ಲೈಟ್ ನಿಂತು ಇಲ್ಲೇ ಉಳಿದಳು. ಎಷ್ಟು ಫೋನ್, ಎಷ್ಟು ಬೇಡಿಕೊಂಡದ್ದು. ಕರೆದುಕೊಂಡು ಹೋದರೆ ಕಾರಿನಿಂದ ಇಳಿಯಲೊಲ್ಲಳು.

"ನಂಗೆಂತಕ್ಕೆ ಸೂಜಿ? ಮಾರಿ ನಂಗೆ ಬಂದು ಹೋಗಿದ್ದಾಳೆ."

"ಅಮ್ಮಾ, ಅದು ಬೇರೆ, ಇದು ಬೇರೆ!"

"ಎಂತ ಬೇರೆ? ಅದೇ ಮಾರಿ, ಸೀರೆ ಬದಲಾಯಿಸಿದ್ದಾಳೆ ಅಷ್ಟೆ. ಮತ್ತೆ ಬರುದಿಲ್ಲ ಅಂತ ನೀನೇ ಹೇಳಿದ್ದಲ್ವಾ?"

ಹಣೆ ಚಚ್ಚಿಕೊಂಡೆ. ಇಷ್ಟು ವರ್ಷದಲ್ಲಿ ಕಿವಿಗೊಟ್ಟು ಪಾಠ ಕೇಳಿದ ವಿದ್ಯಾರ್ಥಿನಿ ಇವಳೊಬ್ಬಳೇ. ಅವಳು ಕಲಿತದ್ದು ಇದು. ಸಿಟ್ಟಿನಲ್ಲಿ ವಾಪಸ್ ಬಂದೆ. ಮುಂದಿನ ವಾರ ಎತ್ತಿಕೊಂಡಾದರೂ ಹೋಗಬೇಕು.

ಜುಲೈ 23
ಹೊಸ ಅಪಾಯಿಂಟ್‌ಮೆಂಟ್ ಇನ್ನೂ ಸಿಕ್ಕಿಲ್ಲ. ಮೆಕ್ಸಿಕೋದ ಆ ಜನ ಅಮ್ಮನ ತಲೆಯಿಂದ ಇಳಿಯುತ್ತಿಲ್ಲ. ದೋಸೆ ಹೊಯ್ಯುತ್ತ ಕೇಳುತ್ತಾಳೆ, "ಅವರ ಮಕ್ಕಳು?" ಬಟ್ಟೆ ಮಡಚುತ್ತ, "ಹೆಣ ಸುಟ್ಟವರಾದ್ರೂ ಯಾರು?" ಇವತ್ತು ಕಿಟಕಿಯ ಹತ್ತಿರ ನಿಂತಿದ್ದಳು. ಲಾಕ್‌ಡೌನ್, ರಸ್ತೆಯಲ್ಲಿ ನಾಯಿಯೂ ಇಲ್ಲ. "ಇಲ್ಲಿಯೂ ಒಬ್ಬರೂ ಎದ್ದಿಲ್ಲ ನೋಡು." ಬೈದೆ. ಬೈದ ಮೇಲೆ ನನಗೂ ಆ ಕಡೆ ನೋಡಲು ಹೆದರಿಕೆಯಾಯಿತು.

ಜುಲೈ 30
ಕೋವಿಡ್ ಟೆಸ್ಟ್ ಕಿಟ್‌ನಲ್ಲಿ ಎರಡು ಗೆರೆ. ನನಗೆ. ಎಲ್ಲಿಂದ ಬಂತೋ... ರೂಮ್ ಸೇರಿ ಒಳಗಿನಿಂದ ಚಿಲಕ ಹಾಕಿದೆ. ಪಕ್ಕದ ಮನೆಯ ಸುಗಂಧಿ ಹೋಟೆಲಿನಿಂದ ಊಟ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ಗೇಟಿಗೆ ತೂಗುಹಾಕುತ್ತಾಳೆ. ನನ್ನ ಪಾಲನ್ನು ಅಮ್ಮ ಬಾಗಿಲ ಹೊರಗೆ ಇಟ್ಟು ಹೋಗಬೇಕು. ಮೂರು ಸಲ ಹೇಳಿದೆ, ಒಳಗೆ ಬರಕೂಡದು. ನನಗೆ ಎರಡು ಡೋಸ್ ಆಗಿದೆ, ನಾನು ಏಳುತ್ತೇನೆ. ಅವಳಿಗೆ ಬಂದರೆ ಮುಗಿಯಿತು.

"ಬಾಗಿಲು ತೆಗಿ ಮಗಾ."

ತೆಗೆಯಲಿಲ್ಲ.

ಆಗಸ್ಟ್ 1, ಮಧ್ಯಾಹ್ನ
ಜ್ವರ. ಅಕ್ಷರ ಓಡುತ್ತಿವೆ. ಅವರು ಬಂದಿದ್ದಾರೆ. ಮಂಚದ ಕೆಳಗೆ, ಕಪಾಟಿನ ಹತ್ತಿರ, ಬಾಗಿಲವರೆಗೂ ಮಲಗಿದ್ದಾರೆ. ಮುಖ ಕಾಣದಷ್ಟು ಬೊಕ್ಕೆ. ಯಾರೂ ನರಳುವುದಿಲ್ಲ, ಅದೇ ಭಯ. ಅಮ್ಮ ಸೀರೆ ಎತ್ತಿಕಟ್ಟಿ ಒಬ್ಬೊಬ್ಬರನ್ನೇ ದಾಟಿ ಬರುತ್ತಿದ್ದಾಳೆ. ಬಗ್ಗಿ ಎಲ್ಲರ ಬಾಯಿಗೂ ಗಂಜಿ. ಕೊನೆಗೆ ನನಗೆ. ಉಪ್ಪು ಸರಿಯಾಗಿತ್ತು.

ಆಗಸ್ಟ್ 3
ಜ್ವರ ಇಳಿದಿದೆ. ಮಂಚದ ಪಕ್ಕ ಬಟ್ಟಲು, ಚಮಚ. ತಳದಲ್ಲಿ ಒಣಗಿದ ಗಂಜಿ.

ಅವರೆಲ್ಲ ಕನಸು. ಅಮ್ಮ ಕನಸಲ್ಲ.

ಒಳಗಿಂದಲೇ ಕಿರುಚಿದೆ. ಅವಳು ಆಚೆಯಿಂದ ನಿಧಾನವಾಗಿ, "ಮತ್ತೆ? ಏಳುವವಳು ನಾನೊಬ್ಬಳೇ ಅಲ್ವಾ ಇದ್ದದ್ದು. ಚಿಲಕ ನೀನೇ ತೆಗ್ದೆ."

ನಾನು ತೆಗೆದ ನೆನಪಿಲ್ಲ.

ಆಗಸ್ಟ್ 8
ಅಮ್ಮನಿಗೆ ಕೆಮ್ಮು, ಉಸಿರು ಸಾಲದು. ಆಕ್ಸಿಜನ್ ಬೀಳುತ್ತಿದೆ. ಆಂಬುಲೆನ್ಸ್ ಬಂತು. ಬಿಳಿ ಸೂಟಿನವರನ್ನು ನೋಡಿ ನನ್ನ ಕಡೆ ತಿರುಗಿದಳು. "ನಂಗೆ ಬಂದು ಹೋಗಿದೆ ಅಂತ ಇವರಿಗೆ ಹೇಳು ಮಗಾ."

ಇಂಗ್ಲಿಷಿನಲ್ಲಿ ವಯಸ್ಸು ಹೇಳಿದೆ. ವ್ಯಾಕ್ಸಿನ್ ಇಲ್ಲ ಅಂತ ಹೇಳಿದೆ. ಅದೊಂದನ್ನು ಹೇಳಲಿಲ್ಲ.

ಸುಗಂಧಿ ಗೇಟಿನಿಂದ, "ಆಂಟಿ ಸ್ಟ್ರಾಂಗ್ ಲಾ, ಡೋಂಟ್ ಕ್ರೈ." ಅತ್ತುಬಿಟ್ಟೆ. ನಾನು ಎದ್ದು ಓಡಾಡುತ್ತಿದ್ದೇನೆ. ಹಡಗಿನವಳು ನಾನೇ.

ಆಗಸ್ಟ್ 11
ವಾರ್ಡಿನಿಂದ ನರ್ಸ್ ವಿಡಿಯೋ ಕಾಲ್. ಅಮ್ಮ ಮಾಸ್ಕ್ ಕಿತ್ತು ಹಾಕಿ ಮಂಚದಿಂದ ಇಳಿಯಲು ನೋಡುತ್ತಿದ್ದಾಳಂತೆ. "ಡಾಕ್ಟರ್, ಪ್ಲೀಸ್, ನಿಮ್ಮ ಭಾಷೆಯಲ್ಲಿ ಹೇಳಿ."

ಅಮ್ಮ ಏದುಸಿರಿನಲ್ಲಿ, "ಎಲ್ಲ ಇಲ್ಲೇ ಮಲಗಿದ್ದಾರೆ... ಒಬ್ಬರಿಗೂ ಊಟ ಆಗಿಲ್ಲ. ಏಳ್ಬೇಕು ನಾನು."

ಅದು ಜ್ವರ ಅಮ್ಮಾ, ಅಲ್ಲಿ ಯಾರೂ ಇಲ್ಲ ಅಂತ ಹೇಳಬೇಕಿತ್ತು.

"ಆಯ್ತಮ್ಮಾ. ಎಲ್ಲರದ್ದೂ ಆಯ್ತು."

"ಬಡಿಸಿದ್ದು ಯಾರು?"

"ನಾನು."

ಆಮೇಲೆ ತಾನೇ ಮಲಗಿದಳು. ನರ್ಸ್ ಮಾಸ್ಕ್ ಹಾಕಿದಳು, ಅಮ್ಮ ಕಿತ್ತುಕೊಳ್ಳಲಿಲ್ಲ.

ಆಗಸ್ಟ್ 12, ಬೆಳಿಗ್ಗೆ
ಆಸ್ಪತ್ರೆಯಿಂದ ಏನೂ ಇಲ್ಲ. ನಾನು ಫೋನ್ ಮಾಡಿದರೆ ಎಂಗೇಜ್. ಕ್ಲಾಸ್ ಕ್ಯಾನ್ಸಲ್ ಮಾಡಿದೆ. ಅವಳಿಗೆ ಸುಳ್ಳು ಹೇಳಿದ್ದು ಕೂತಲ್ಲಿ ಕೂರಲು ಬಿಡುತ್ತಿಲ್ಲ. ಹುಚ್ಚು ಅಂತ ಗೊತ್ತು. ದೊಡ್ಡ ಪಾತ್ರೆ ಇಳಿಸಿ ಅಕ್ಕಿ ತೊಳೆದಿದ್ದೇನೆ. ಅಷ್ಟು ಜನಕ್ಕೆ ಸಾಕಾಗುವುದಿಲ್ಲ. ಎಷ್ಟು ಹಾಕಬೇಕು ಅಂತ ಅಮ್ಮನನ್ನೇ ಕೇಳ— ಫೋನ್.