ಸಿದ್ದಯ್ಯ ಬಿನ್ ಮರಿಯಯ್ಯ

9 ಜೂನ್ 2003, ಸೋಮವಾರ

ರೂಪಶ್ರೀ ಇವತ್ತು ಲೇಟು. ಮೈಸೂರಿಂದ ಬರೋ ಬಸ್ಸು ಬಿಳಿಕೆರೆಯಲ್ಲಿ ಕೆಟ್ಟು ನಿಂತಿತ್ತಂತೆ. ಕಂಪ್ಯೂಟರ್ ಸೆಂಟರ್ ನಡೆಸೋ ನೀಲಕಂಠಸ್ವಾಮಿ ಸರ್ ಏನೂ ಅನ್ನಲಿಲ್ಲ. ಹೋದ ವಾರ ನಾನು ಲೇಟಾದಾಗ ಮಾತಾಡದೆ ಗಡಿಯಾರ ತೋರಿಸಿದ್ದರು.

ಸೆಂಟರಿಗೆ ಅವಳು ಸೇರಿ ತಿಂಗಳೂ ಆಗಿಲ್ಲ. ಫ್ಯಾನಿನ ಕೆಳಗಿನ ಕುರ್ಚಿ ಆಗಲೇ ಅವಳದು.

ಮಧ್ಯಾಹ್ನ ಸರ್ ನಮ್ಮೂರು ಗಾವಡಗೆರೆಯ ಸೊಸೈಟಿ ಪ್ರೋಗ್ರಾಂ ತೆಗೆಸಿದರು. ನಾನು ಬರೆದದ್ದು. ಹೊಗೆಸೊಪ್ಪು ಬೆಳೆಯೋರೆಲ್ಲ ಒಂದೇ ಸ್ಕ್ರೀನಿನಲ್ಲಿ ಬೇಕು ಅಂದಿದ್ದರು, ಹಾಗೇ ಮಾಡಿದ್ದೆ. ಒಬ್ಬೊಬ್ಬರಿಗೆ ಒಂದು ಸಾಲು— ಹೆಸರು, ತಂದೆ ಹೆಸರು, ಸರ್ವೆ ನಂಬರು, ಗೊಬ್ಬರದ ಮೂಟೆ, ಎಲ್ಲಕ್ಕೂ ಬೇರೆ ಬೇರೆ ಬಾಕ್ಸು. ಕೆಳಗೆ ಸ್ಕ್ರೋಲ್ ಮಾಡಿದರೆ ಸ್ಕ್ರೀನ್ ಬೆಳ್ಳಗಾಗಿ ನಿಲ್ಲುತ್ತೆ, ಆಮೇಲೆ ಬಾಕ್ಸುಗಳು ಒಂದೊಂದಾಗಿ ಮೂಡುತ್ತವೆ.

ಮೆಮೊರಿ ಸಾಲದು ಸರ್ ಅಂದೆ.

"ನಾನೊಂದು ಸಲ ನೋಡ್ಲಾ ಸರ್" ಅಂದಳು ರೂಪಶ್ರೀ. ನನ್ನನ್ನು ಕೇಳಲಿಲ್ಲ. ಸರ್‌ನ ಕೇಳಿದಳು.

11 ಜೂನ್

ಮಾಡಿಬಿಟ್ಟಳು.

ಹೆಚ್ಚಿನ ಬಾಕ್ಸುಗಳನ್ನೆಲ್ಲ ಕಿತ್ತು ಹಾಕಿದಾಳೆ. ಸ್ಕ್ರೀನಿನಲ್ಲಿ ಹಿಡಿಸುವಷ್ಟು ಸಾಲು ಮಾತ್ರ ಉಳಿಸಿಕೊಂಡಿದಾಳೆ. "ಕಣ್ಣಿಗೆ ಕಾಣೋದು ಅಷ್ಟೇ ಅಲ್ವಾ ಶಶಿಯಣ್ಣ. ಬಾಕ್ಸ್ ಇದ್ದಲ್ಲೇ ಇರುತ್ತೆ, ಒಳಗಿನ ಹೆಸರು ಬದಲಾಗುತ್ತೆ."

ಇಷ್ಟೇನಾ... ಇಷ್ಟೇ.

ಎಂಟ್ರಿ ಮಾಡೋ ವಿಮಲಮ್ಮ ಬಂದು ಒತ್ತಿ ನೋಡಿದರು. "ಮೊದ್ಲು ಪೇಜ್ ಡೌನ್ ಒತ್ತಿ ಟಿಫನ್ ಬಾಕ್ಸ್ ತೊಳ್ಕಂಡ್ ಬತ್ತಿದ್ದೆ ಕಣಪ್ಪ ಶಶಿ. ಇನ್ನು ಅದ್ಕೂ ಪುರುಸೊತ್ತಿಲ್ಲ ಬುಡು." ಎಲ್ಲರೂ ನಕ್ಕರು. ನಾನೂ ನಕ್ಕೆ.

ಸೋಮವಾರ ಗಾವಡಗೆರೆಯಲ್ಲಿ ತೋರಿಸಬೇಕು. ಅದು ಒಪ್ಪಿಗೆಯಾದರೆ ಕೆ.ಆರ್. ನಗರದ ದೊಡ್ಡ ಕೆಲಸ ನಮಗೆ. ಅದಕ್ಕೆ ಹೆಡ್ ಯಾರು ಅಂತ ಆಮೇಲೆ ಹೇಳ್ತೀನಿ ಅಂದರು ಸರ್. ಹೇಳುವಾಗ ನೋಡಿದ್ದು ಅವಳನ್ನು.

12 ಜೂನ್

ಅವಳು ಊಟಕ್ಕೆ ಹೋದಾಗ ಕೋಡ್ ತೆಗೆದು ಓದಿದೆ. ಅಚ್ಚುಕಟ್ಟು. ಹೊಟ್ಟೆ ಉರಿಯಿತು.

ಆಮೇಲೆ ಸಿಕ್ಕಿತು.

ಬಾಕ್ಸಿನಲ್ಲಿ ಟೈಪ್ ಮಾಡಿದ್ದು ಯಾರಿಗೆ ಸೇರಿದ್ದು ಅಂತ ಹೆಸರು, ತಂದೆ ಹೆಸರು ನೋಡಿ ಹುಡುಕಿಸಿದಾಳೆ. ಮೊದಲು ಸಿಕ್ಕವರ ಸಾಲಿಗೆ ಹಾಕುತ್ತೆ. ಮೈಸೂರಿನ ಹುಡುಗಿ. ನಮ್ಮೂರಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಅಜ್ಜ ಸಿದ್ದಯ್ಯ ಬಿನ್ ಮರಿಯಯ್ಯ. ಮಗ ಮರಿಯಯ್ಯ ಬಿನ್ ಸಿದ್ದಯ್ಯ. ಮೊಮ್ಮಗ ಮತ್ತೆ ಸಿದ್ದಯ್ಯ ಬಿನ್ ಮರಿಯಯ್ಯ. ಅಜ್ಜ, ಮೊಮ್ಮಗ ಇಬ್ಬರೂ ಪಟ್ಟಿಯಲ್ಲಿದ್ದಾರೆ. ನನ್ನ ಪ್ರೋಗ್ರಾಂ ನಿಧಾನ, ಆದರೆ ಒಬ್ಬರದು ಇನ್ನೊಬ್ಬರಿಗೆ ಹೋಗುತ್ತಿರಲಿಲ್ಲ.

ಸಂಜೆ ಅವಳೇ ಬಂದಳು. "ನಿಮ್ಮೂರಿನ ಹೆಸರುಗಳು ಶಶಿಯಣ್ಣ. ಒಂದು ಸಲ ನೋಡ್ತೀರಾ?"

ನೋಡಿದೆ, ಸರಿಯಾಗಿದೆ ಅಂದೆ.

16 ಜೂನ್, ರಾತ್ರಿ

ಸೊಸೈಟಿ ಅಧ್ಯಕ್ಷರು ಹಿರೇ ಸಿದ್ದಯ್ಯನವರೇ. ನಮ್ಮ ಬೀದಿಯವರು. ಮೊಮ್ಮಗನ ಗೊಬ್ಬರದ ಮೂಟೆ ಎಷ್ಟು ಅಂತ ಹೇಳಿದರು. ರೂಪಶ್ರೀ ಟೈಪ್ ಮಾಡಿದಳು, ಕೆಳಗೆ ಹೋಗಿ ಮೇಲೆ ಬಂದಳು. ಮೊಮ್ಮಗನ ಸಾಲು ಖಾಲಿ. ಮೂಟೆ ಅಜ್ಜನ ಸಾಲಿನಲ್ಲಿ.

"ನಂಗ್ಯಾಕವ್ವ ಅಷ್ಟೊಂದು ಗೊಬ್ಬರ, ತಲೆ ಮ್ಯಾಲೆ ಸುರ್ಕಳಾಕಾ?"

ಇದಕ್ಕೇ ಕಾದಿದ್ದೆ. ಚೆನ್ನಾಗಿತ್ತು— ಸ್ವಲ್ಪ ಹೊತ್ತು.

ಅವಳು ನನ್ನ ಕಡೆ ತಿರುಗಿದಳು. "ಒಂದೇ ಹೆಸರಿನೋರು ಇಬ್ರು ಇರೋದು ನಿಮಗೆ ಗೊತ್ತಿರ್ಲಿಲ್ವಾ ಶಶಿಯಣ್ಣ?"

ಇಲ್ಲ ಅಂದೆ.

"ಇವನ್ಗಾ?" ಅಂದರು ಸಿದ್ದಯ್ಯನವರು. "ನನ್ ಮೊಮ್ಮಗ್ನೂ ಇವ್ನೂ ಒಂದೇ ಬೆಂಚಲ್ಲಿ ಓದ್ದೋರು ಕಣವ್ವ. ಮೇಷ್ಟ್ರು ಹಾಜ್ರಿ ಕೂಗಿದ್ರೆ ಅವನ್ ಬದ್ಲು ಇವ್ನೇ ಎಸ್ ಸಾರ್ ಅಂತಿದ್ದ."

ಸರ್ ಹೊರಗೆ ಸೆಕ್ರೆಟರಿ ಜೊತೆ ಇದ್ದರು. ಕೇಳಿಸಿರಲಾರದು. ಅವಳಿಗೆ ಕೇಳಿಸಿತು. ಮಾನಿಟರ್ ಕಡೆ ತಿರುಗಿದಳು. ಹೆಸರು ನೋಡಿ ಹುಡುಕೋದನ್ನು ತೆಗೆದು, ಸಾಲುಗಳನ್ನು ಸೊಸೈಟಿಯ ಸದಸ್ಯರ ನಂಬರಿಗೆ ಜೋಡಿಸಿದಳು. ಸರ್ ಕಾಫಿ ಕುಡಿದು ಒಳಗೆ ಬರುವಷ್ಟರಲ್ಲಿ ಮುಗಿದಿತ್ತು.

19 ಜೂನ್, ಬೆಳಿಗ್ಗೆ, ಸೆಂಟರ್

ಕೆ.ಆರ್. ನಗರಕ್ಕೆ ಅವಳೇ ಹೆಡ್. ಇವತ್ತೇ ಹೊರಡಬೇಕು.

ನನ್ನನ್ನು ಜೊತೆಗೆ ಕಳಿಸಿ ಅಂತ ಅವಳೇ ಕೇಳಿದಳಂತೆ. "ಊರು, ಮನೆತನ, ಹೆಸರು ಎಲ್ಲಾ ಶಶಿಯಣ್ಣಂಗೆ ಗೊತ್ತು ಸರ್" ಅಂದಳಂತೆ. ಸೋಮವಾರದ್ದು ಹೇಳಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಒಲ್ಲೆ ಅಂದರೆ ಯಾಕೆ ಅಂತಾರೆ. ಹೋದರೆ ಅವಳ ಪಕ್ಕ ಕೂತು ಹೆಸರು ನೋಡಿ ಸರಿ, ತಪ್ಪು ಅನ್ನುತ್ತಿರಬೇಕು. ಕೋಡ್ ಅವಳದು.

ನಿನ್ನೆ ಒಬ್ಬನೇ ಕೂತು ಸ್ಕ್ರೋಲ್ ಮಾಡಿದೆ. ಎಲ್ಲೂ ತಡೆಯಲ್ಲ. ಇಡೀ ಗಾವಡಗೆರೆ ಸರ್ರನೆ ಕೆಳಗಿಳಿಯುತ್ತೆ. ನನಗ್ಯಾಕೆ ಹೊಳೆಯಲಿಲ್ಲ—

ಬಾಗಿಲಲ್ಲಿ ನಿಂತಿದಾಳೆ. "ಬಸ್ಸಿಗೆ ಹೊತ್ತಾಯ್ತು ಶಶಿಯಣ್ಣ. ಈ ಸಲ ನೋಡಿ ಹೇಳ್ತೀರಾ ತಾನೆ?" ನಗುತ್ತಲೇ ಕೇಳಿದಳು. ನಾನು ಹೂಂ ಅಂದೆ, ಬ್ಯಾಗ್ ತಗೊಂಡು ಹೊರಡ್ತಿದೀನಿ.