ಊಟದ ಜಾಗದ ಕ್ಯಾಮೆರಾ

ಶಹಾಪುರ, ಗುರುವಾರ

ಹತ್ತಿ ಮಿಲ್ಲಿನ ಸಾಹುಕಾರರಿಗೆ, ಗೋಗಿಯ ಸುಮಂಗಲಾ ಮಾಡುವ ನಮಸ್ಕಾರಗಳು.

ಸೋಮವಾರ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ನಮ್ಮ ಮೌನೇಶ್ವರಿಯ ಬಲಗೈಯ ಎರಡು ಬೆರಳು ಹೋದವು. ಯಾದಗಿರಿಯ ಆಸ್ಪತ್ರೆಯಲ್ಲಿ ಆಕೆ ಈಗ ಎಡಗೈಯಿಂದ ಉಣ್ಣಲು ಕಲಿಯುತ್ತಿದ್ದಾಳೆ. ಯಂತ್ರದ ಮುಚ್ಚಳ ಕಳಚಿ ತಿಂಗಳಾಯಿತೆಂದು ನಿಮ್ಮ ಮೇಸ್ತ್ರಿ ಅಂಬ್ರಪ್ಪನವರಿಗೆ ನೆನಪಿಸಿದೆ. "ಅಲ್ಲಿ ಸಿಸಿಟಿವಿ ಇಲ್ಲವ್ವ. ಆಕೀದೇ ತಪ್ಪು ಅಂತ ಸಾಹುಕಾರ್ರು ರಿಪೋರ್ಟಿನ್ಯಾಗ ಬರದಾರ" ಎಂದರು.

ಹೌದು, ಅಲ್ಲಿ ಇಲ್ಲ. ನಮ್ಮ ಸುರಕ್ಷತೆಗೆಂದು ನೀವು ಹಾಕಿಸಿದ ಕ್ಯಾಮೆರಾ ಹೆಂಗಸರು ಊಟಕ್ಕೆ ಕೂರುವ ಜಾಗವನ್ನು ನೋಡುತ್ತದೆ. ಸಾಯಬಮ್ಮ ಗೋಡೆಗೆ ಮುಖಮಾಡಿ ಕೂಸಿಗೆ ಹಾಲು ಕೊಡುತ್ತಾಳೆ. ನಾವು ಏಳುವುದು ಎರಡು ನಿಮಿಷ ತಡವಾದರೆ ನಿಮ್ಮ ಫೋನ್ ಬರುತ್ತದೆ.

ಅದನ್ನು ಯಂತ್ರದ ಕಡೆಗೆ ತಿರುಗಿಸಿರಿ. ಮುಚ್ಚಳ ಹಾಕಿಸಿರಿ. ತಪ್ಪು ಆಕೆಯದೆಂದು ಬರೆದದ್ದನ್ನು ತಿದ್ದಿರಿ. ಮುಚ್ಚಳವಿಲ್ಲದ್ದನ್ನು ಕಂಡ ಹನ್ನೊಂದು ಮಂದಿ ಈ ಹಾಳೆಯ ಹಿಂದೆ ಸಹಿ ಮಾಡಿದ್ದೇವೆ. ಅಲ್ಲಿಯವರೆಗೆ ಆ ಯಂತ್ರಕ್ಕೆ ಯಾರೂ ಕೈಹಚ್ಚುವುದಿಲ್ಲ.

ಇಂದು ಊಟದ ಹೊತ್ತಿಗೆ ಕ್ಯಾಮೆರಾಕ್ಕೆ ಬಟ್ಟೆ ಕಟ್ಟಲಾಗಿದೆ. ಯಾರು ಕಟ್ಟಿದರೆಂದು ಅಂಬ್ರಪ್ಪನವರನ್ನು ಕೇಳಬೇಡಿರಿ. ಕಡೆಯ ಚಿತ್ರದಲ್ಲಿರುವುದು ನನ್ನ ಮುಖ.

ಇತಿ,
ಸುಮಂಗಲಾ